ಹೊಸ ಕೆಲಸ ನಾಲ್ಕೇ ತಿಂಗಳಿಗೆ ಸಾಕಾಗಿದೆ, ಹಳೆಯ 11 ವರ್ಷದ ಗತಿ ಏನು?

ಪ್ರಶ್ನೆ: 2014ರಲ್ಲಿ ಅಂಚೆ ಇಲಾಖೆಗೆ ಪೋಸ್ಟಲ್ ಅಸಿಸ್ಟೆಂಟ್ ಆಗಿ ಸೇರಿ, ಅಲ್ಲೇ ಕಾಯಂ ಆಗಿದ್ದೆ. ನನ್ನದು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದೇ ಅರ್ಜಿ ಹಾಕಿ, ತಾಂತ್ರಿಕ ರಾಜೀನಾಮೆ (ಅನುಮತಿಯೊಂದಿಗೆ ಬೇರೆ ಸರ್ಕಾರಿ ಹುದ್ದೆಗೆ ಹೋಗಲು ಕೊಡುವ ರಾಜೀನಾಮೆ) ಕೊಟ್ಟು, ರಾಜ್ಯ ಸರ್ಕಾರದ ಪ್ರೌಢಶಾಲಾ ಶಿಕ್ಷಕನಾಗಿ ಸೇರಿದೆ. ನಾಲ್ಕು ತಿಂಗಳಾಯಿತು. ಶಾಲೆ ಊರಿಂದ ತುಂಬಾ ದೂರ. ಅಪ್ಪನಿಗೆ ಡಯಾಲಿಸಿಸ್ ನಡೀತಿದೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಈ ಕೆಲಸ ಬಿಟ್ಟರೆ 11 ವರ್ಷ ದುಡಿದದ್ದೆಲ್ಲ ಹೋಗುತ್ತದೆಯೇ?
– ಓದುಗರು, ಗದಗ

ಉತ್ತರ: ದಯವಿಟ್ಟು ರಾಜೀನಾಮೆ ಪತ್ರ ಬರೆಯಬೇಡಿ. ಬರೆದಿದ್ದರೆ ಬ್ಯಾಗಿನಲ್ಲೇ ಇರಲಿ. ನಿಮಗೆ ಬೇರೆ ದಾರಿ ಇದೆ.

ಮೊದಲು ಎನ್‌ಪಿಎಸ್ ದುಡ್ಡಿನ ವಿಷಯ. ಅದು ಎಲ್ಲೂ ಹೋಗುವುದಿಲ್ಲ. ನಿಮ್ಮ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ಅದರ ಶೇ 10 ನೀವು ಕಟ್ಟಿದ್ದೀರಿ. ಕೇಂದ್ರ ಸರ್ಕಾರವೂ ಶೇ 10 ಹಾಕುತ್ತಿತ್ತು, 2019ರ ಏಪ್ರಿಲ್‌ನಿಂದ ಶೇ 14 ಹಾಕಿದೆ. ಇಷ್ಟು ವರ್ಷ ಸೇವೆ ಆದರೆ ಮಾತ್ರ ಸರ್ಕಾರದ ಪಾಲು ನಿಮ್ಮದು ಎಂಬ ಷರತ್ತೇನೂ ಇಲ್ಲ. ಎರಡೂ ಪಾಲು ನಿಮ್ಮ ಪ್ರಾನ್ (ಎನ್‌ಪಿಎಸ್‌ನ ಕಾಯಂ ಖಾತೆ ಸಂಖ್ಯೆ) ಖಾತೆಯಲ್ಲಿವೆ. ಕೆಲಸ ಬದಲಾದರೂ ಪ್ರಾನ್ ಅದೇ ಇರುತ್ತದೆ.

ಆದರೆ ಕೆಲಸ ಬಿಟ್ಟ ತಕ್ಷಣ ಖಾತೆ ಮುಚ್ಚಿ ದುಡ್ಡು ತೆಗೆಯಲು ಹೋದರೆ ಪೆಟ್ಟು ಬೀಳುತ್ತದೆ. ನಿವೃತ್ತಿಯಲ್ಲಾದರೆ ಶೇ 60ರಷ್ಟು ಕೈಗೆ ಸಿಗುತ್ತದೆ. ನಡುವೆ ರಾಜೀನಾಮೆ ಕೊಟ್ಟು ತೆಗೆದರೆ ಶೇ 20 ಮಾತ್ರ. ಉಳಿದ ಶೇ 80ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ (ಪಿಂಚಣಿಯಂತೆ ಕಂತಿನಲ್ಲಿ ಹಣ ಕೊಡುವ ಯೋಜನೆ) ಕೊಳ್ಳಲೇಬೇಕು. ಖಾತೆಯಲ್ಲಿ 10 ಲಕ್ಷ ಇದೆ ಅಂದುಕೊಳ್ಳಿ. 2 ಲಕ್ಷ ಕೈಗೆ ಬರುತ್ತದೆ. ಉಳಿದ 8 ಲಕ್ಷಕ್ಕೆ ವರ್ಷಕ್ಕೆ ಶೇ 6ರಂತೆ ಲೆಕ್ಕ ಹಾಕಿದರೂ ತಿಂಗಳಿಗೆ 4,000 ರೂಪಾಯಿ. ಡಯಾಲಿಸಿಸ್ ಖರ್ಚಿಗೆ ಆಗುತ್ತದೆ ಎಂದು ಈ ದುಡ್ಡಿನ ಮೇಲೆ ಕಣ್ಣಿಟ್ಟಿದ್ದರೆ, ಸದ್ಯಕ್ಕೆ ಮರೆತುಬಿಡಿ. ಮೊತ್ತ ಚಿಕ್ಕದಿದ್ದರೆ ಪೂರ್ತಿ ಕೊಡುವ ನಿಯಮವೂ ಇದೆ. ಆದರೆ 11 ವರ್ಷದ ಖಾತೆ ಸಾಮಾನ್ಯವಾಗಿ ಆ ಮಿತಿ ದಾಟಿರುತ್ತದೆ.

ನಿಜವಾಗಿ ಮುಳುಗುವುದು ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಒಟ್ಟಿಗೆ ಕೊಡುವ ಮೊತ್ತ. ಇದನ್ನು ಯಾರೂ ಮೊದಲು ಕೇಳುವುದೇ ಇಲ್ಲ. ಎನ್‌ಪಿಎಸ್ ನೌಕರರಿಗೂ ಗ್ರಾಚ್ಯುಟಿ ಇದೆ. ಪೂರ್ತಿಯಾದ ಪ್ರತಿ ಆರು ತಿಂಗಳಿಗೆ ಕಾಲು ತಿಂಗಳ ಸಂಬಳ, ಅಂದರೆ ವರ್ಷಕ್ಕೆ ಅರ್ಧ ತಿಂಗಳು. 11 ವರ್ಷಕ್ಕೆ ಐದೂವರೆ ತಿಂಗಳ ಸಂಬಳ. ಮೂಲ ವೇತನ, ಡಿಎ ಸೇರಿ 60,000 ಇದ್ದರೆ 3 ಲಕ್ಷ 30 ಸಾವಿರ. ಸಾದಾ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೇ ರದ್ದಾದಂತೆ. ಆಗ ಈ ಲೆಕ್ಕ ಸೊನ್ನೆಗೆ ಬರುತ್ತದೆ. "ಐದು ವರ್ಷ ಆಗಿದೆಯಲ್ಲ ಸಾರ್, ಕೊಡಲೇಬೇಕು" ಎಂದು ವಾದ ಮಾಡುವವರು ಬೇಕಾದಷ್ಟು ಜನ. ಅವರು ಹೇಳುವುದು 1972ರ ಗ್ರಾಚ್ಯುಟಿ ಕಾಯ್ದೆ. ಅದು ಕಾರ್ಖಾನೆ, ಕಂಪನಿಗಳಿಗೆ ಇದ್ದದ್ದು; 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸರ್ಕಾರಿ ನೌಕರರಿಗೆ ಬೇರೆಯದೇ ನಿಯಮ.

ಈಗ ನಿಮ್ಮ ದಾರಿಗೆ ಬರೋಣ. ನೀವು ಕೊಟ್ಟಿರುವುದು ತಾಂತ್ರಿಕ ರಾಜೀನಾಮೆ. ಕಾಯಂ ನೌಕರರು ಹೀಗೆ ಬೇರೆ ಕೇಂದ್ರ ಇಲಾಖೆಗೋ ರಾಜ್ಯ ಸರ್ಕಾರಕ್ಕೋ ಹೋದರೆ, ಹಳೆಯ ಹುದ್ದೆಯ ಮೇಲಿನ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಉಳಿಯುತ್ತದೆ. ಕಚೇರಿ ಭಾಷೆಯಲ್ಲಿ ಲೀನ್. ವಿಶೇಷ ಸಂದರ್ಭದಲ್ಲಿ ಮೂರನೇ ವರ್ಷಕ್ಕೂ ವಿಸ್ತರಿಸುತ್ತಾರೆ. ನಿಮಗಿನ್ನೂ 20 ತಿಂಗಳು ಸಮಯವಿದೆ. ಅಷ್ಟರೊಳಗೆ ಅಂಚೆ ಇಲಾಖೆಗೆ ವಾಪಸ್ ಹೋದರೆ 11 ವರ್ಷದ ಸೇವೆ ಇದ್ದ ಹಾಗೇ ಇರುತ್ತದೆ. ನೀವು ಸರ್ಕಾರಿ ಸ್ವಾಮ್ಯದ ಕಂಪನಿಗೆ ಹೋಗಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ. ಅಲ್ಲಿಗೆ ಹೋಗುವವರಿಗೆ ಲೀನ್ ಇಲ್ಲ.

ಮೊದಲು ಅಂಚೆ ಇಲಾಖೆ ಕೊಟ್ಟ ಬಿಡುಗಡೆ ಆದೇಶ ತೆಗೆದು ಓದಿ. ಅದರಲ್ಲಿ 'ತಾಂತ್ರಿಕ ರಾಜೀನಾಮೆ' ಎಂಬ ಪದವೂ ಲೀನ್ ಅವಧಿಯೂ ಇರಬೇಕು. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಒಬ್ಬ ಹುಡುಗ ಬಂದಿದ್ದ. ಎನ್‌ಒಸಿ ಇತ್ತು, ಎಲ್ಲ ಸರಿ ಇತ್ತು. ಆದರೆ ಪತ್ರದಲ್ಲಿ "ವೈಯಕ್ತಿಕ ಕಾರಣಕ್ಕೆ ರಾಜೀನಾಮೆ" ಎಂದು ಬರೆದುಬಿಟ್ಟಿದ್ದ. ಆ ಒಂದು ಸಾಲು ಸರಿಪಡಿಸಲು ಅವನು ಒಂದೂವರೆ ವರ್ಷ ಅಲೆದ.

ಆದೇಶ ಸರಿಯಿದ್ದರೆ, ಹಳೆಯ ಹುದ್ದೆಗೆ ಮರಳಲು ಇಷ್ಟವಿದೆ ಎಂದು ಮುಖ್ಯೋಪಾಧ್ಯಾಯರ ಮೂಲಕ ನಿಮ್ಮ ನೇಮಕಾತಿ ಪ್ರಾಧಿಕಾರಕ್ಕೆ ಬರೆಯಿರಿ. ಒಂದು ಪ್ರತಿ ಅಂಚೆ ಇಲಾಖೆಯ ವಿಭಾಗೀಯ ಕಚೇರಿಗೆ ಕಳಿಸಿ. ಸ್ಪೀಡ್ ಪೋಸ್ಟಿನಲ್ಲೇ ಇರಲಿ, ನಿಮಗೆ ನಾನು ಹೇಳಬೇಕೇ! ಅಪ್ಪನ ವೈದ್ಯಕೀಯ ದಾಖಲೆ ಜೊತೆಗಿಡಿ. ಅಂಚೆ ಇಲಾಖೆಯಿಂದ ಒಪ್ಪಿಗೆ ಪತ್ರ ಬರುವವರೆಗೆ ಶಾಲೆಗೆ ಹೋಗುತ್ತಿರಿ. ತೀರಾ ಕಷ್ಟವಾದರೆ ರಜೆ ಹಾಕಿ. ಹೇಳದೆ ಕೇಳದೆ ಗೈರಾಗಬೇಡಿ. ಶಾಲೆಯಿಂದ ಬಿಡುಗಡೆ ಆದೇಶ ಕೈಗೆ ಬಂದ ಮೇಲೆ ಅಂಚೆ ಕಚೇರಿಯಲ್ಲಿ ಹಾಜರಾಗಿ. ಈ ನಾಲ್ಕು ತಿಂಗಳ ಕಂತು ಪ್ರಾನ್‌ಗೆ ಜಮೆ ಆಗಿದೆಯಾ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಆಮೇಲೆ ಖಜಾನೆ ಬಾಗಿಲಿಗೆ ಗದಗದಿಂದ ಓಡಾಡುವುದು ಯಾರಿಗೆ ಬೇಕು, ಅಲ್ವಾ?