ಆಯಿಗೆ ಇನ್ನೂ ಹೇಳಿಲ್ಲ ಅಂದೆಯಲ್ಲ

ಗದಗದಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಸಿಟ್ಟು ಬಂತು, ಪತ್ರ ಬರೆದವಳ ಮೇಲಲ್ಲ.

ತಂಗಿ, ನಿನಗೆ ಹತ್ತೊಂಬತ್ತು ವರ್ಷ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿವಿಎ ಸೀಟು ಸಿಕ್ಕಿದೆ, ನಾಲ್ಕು ವರ್ಷದ ಚಿತ್ರಕಲೆ ಡಿಗ್ರಿ. ಫೀ, ಹಾಸ್ಟೆಲ್ ಎಲ್ಲ ಸೇರಿ ಹನ್ನೆರಡು ಲಕ್ಷ. ಹತ್ತು ಲಕ್ಷ ಮನೆ ಅಡವಿಟ್ಟು ಬ್ಯಾಂಕ್ ಸಾಲ, ಉಳಿದದ್ದು ಅಪ್ಪನ ಚೀಟಿ ದುಡ್ಡು. ಅಪ್ಪನದು ಬೆಟಗೇರಿಯಲ್ಲಿ ಕಿರಾಣಿ ಅಂಗಡಿ. ಅಲ್ಲೇ ಓದಿ ಮುಗಿಸಿದ ಪರಿಚಯದ ಅಕ್ಕನಿಗೆ ಈಗ ತಿಂಗಳಿಗೆ 22,000 ಸಂಬಳವಂತೆ. "ಸಾಲ ಮಾಡಿ ಓದಲಾ, ಸುಮ್ನೆ ಬಿ.ಕಾಂ. ಸೇರಲಾ?" ಅಂತ ಕೇಳಿದ್ದೀಯ.

ಬಿ.ಕಾಂ. ಮಾತು ಬಿಡು. ನಾಲ್ಕು ಪುಟದ ಅಂಚಿನಲ್ಲೆಲ್ಲ ಎತ್ತಿನ ಮುಖ ಬಿಡಿಸಿದ್ದೀಯ, ಲೆಕ್ಕದ ಪುಸ್ತಕವನ್ನೂ ಹೀಗೇ ಕೆಡಿಸುತ್ತೀಯ.

ಕೊನೆಯ ಪುಟದ ತುದಿಯಲ್ಲಿ ಒಂದು ಸಾಲು ಮೆಲ್ಲಗೆ ತೂರಿಸಿದ್ದೀಯ: "ಮನೆ ಆಯಿ ಹೆಸರಲ್ಲಿದೆ. ಆಕೆಗೆ ಇನ್ನೂ ಹೇಳಿಲ್ಲ. ಎಲ್ಲಿ ಹೇಳಿದ್ರೆ ಅಲ್ಲಿ ಸಹಿ ಮಾಡ್ತಾಳೆ."

ಆಯಿ ಅಂದರೆ ನಿಮ್ಮಪ್ಪನ ತಾಯಿ. ಪತ್ರ ಶುರುವಾಗಬೇಕಿದ್ದದ್ದು ಅಲ್ಲಿಂದ.

ಬರೆಯುವುದಕ್ಕೆ ಕೂರುವ ಮೊದಲು ನಾನು ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಹದಿನಾಲ್ಕು ವರ್ಷ ಸಾಲದ ಮೇಜಿಗೆ ಕೂತವಳು. ಒಬ್ಬ ಅಜ್ಜಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಮೊಮ್ಮಗ ಕಾಗದ ಮಗುಚುತ್ತಾ "ಇಲ್ಲೊಂದು ಒತ್ತಬೇ, ಇಲ್ಲೊಂದು" ಅನ್ನುತ್ತಿದ್ದ. ಆಕೆ ಹೆಬ್ಬೆಟ್ಟು ಒತ್ತುತ್ತಾ ಹೋದಳು. ಸೆರಗಿಗೆ ಒರೆಸಿದರೆ ಇಳಕಲ್ ಸೀರೆ ಕೆಡುತ್ತದೆ ಅಂತ ನೇರಳೆ ಮಸಿಯನ್ನು ತಲೆಕೂದಲಿಗೆ ಒರೆಸಿಕೊಂಡಳು. "ಮುಗೀತೇನಪಾ? ಬಸ್ ಹೋಗತೈತಿ" ಅಂದಳು. ಯಾತಕ್ಕೆ ಒತ್ತಿದೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೂರು ವರ್ಷಕ್ಕೆ ಆಕೆಯ ಹೆಸರಿಗೆ ನೋಟಿಸ್ ಟೈಪ್ ಮಾಡಿದ್ದು ನನ್ನ ಮೇಜಿನಲ್ಲೇ.

ಇನ್ನು ಬೆಂಗಳೂರಿನಲ್ಲಿರುವ ನಿನ್ನ ಸೋದರಮಾವ. ಕಾಲೇಜು ಹುಡುಕಿದ್ದು ಅವರು, "ಈ ವಾರದಾಗ ಮನಿ ಪತ್ರ ಕೊಡ್ರಿ, ಇಲ್ಲಾಂದ್ರ ಸೀಟ್ ಹೋಗತೈತಿ" ಅಂದವರೂ ಅವರೇ. ಜಾಮೀನು ಹಾಕಿ ಅಂದರೆ ಮಾತ್ರ ತಮ್ಮದೇ ಮನೆ ಸಾಲ ಇದೆಯಂತೆ. ತನ್ನ ಮನೆ ಅಂದರೆ ಲೆಕ್ಕ ಗೊತ್ತು, ಅಕ್ಕನ ಅತ್ತೆಯ ಮನೆ ಅಂದರೆ ಗೊತ್ತಿಲ್ಲ! ಇಂಥ ಮಾವಂದಿರ ಬಗ್ಗೆ ಈ ಅಂಕಣದಲ್ಲಿ ಎಷ್ಟನೇ ಸಲ ಬರೆಯುತ್ತಿದ್ದೇನೋ. ನಿಮ್ಮಪ್ಪನನ್ನೂ ಪೂರ್ತಿ ಬಿಡಲಾರೆ. ಹತ್ತು ರೂಪಾಯಿ ಉದ್ರಿಯನ್ನೂ ಬರೆದಿಡುವ ಅಂಗಡಿಯವರು ಇದನ್ನು ಬರೆದು ನೋಡಲಿಲ್ಲವಲ್ಲ.

ನಾನು ಬರೆದು ನೋಡಿದೆ. ಸರ್ಕಾರಿ ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ 7.5 ಲಕ್ಷದ ತನಕ ಆಸ್ತಿ ಅಡ ಕೇಳುವುದಿಲ್ಲ, ದಾಟಿದರೆ ಕೇಳುತ್ತಾರೆ. ಆಯಿಯ ಮನೆ ನಡುವೆ ಬಂದದ್ದು ಹಾಗೆ. ಸಾಲ ವರ್ಷಕ್ಕೆ ಎರಡೂವರೆ ಲಕ್ಷದಂತೆ ತೆಗೆದೆ, ವರ್ಷದ ಬಡ್ಡಿ ಶೇಕಡಾ 10.5 ಅಂತ ಹಿಡಿ. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಇಲ್ಲ, ನಿಜ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆ ಐದು ವರ್ಷಕ್ಕೆ ಅದೇ ಮೂರೂವರೆ ಲಕ್ಷ ದಾಟುತ್ತದೆ. ಕಟ್ಟಲು ಶುರು ಮಾಡುವ ಹೊತ್ತಿಗೆ ಸಾಲ 13 ಲಕ್ಷ 67 ಸಾವಿರ. ಹತ್ತು ವರ್ಷ ತಿಂಗಳಿಗೆ ಹತ್ತಿರಹತ್ತಿರ 18,450. ಆ ಅಕ್ಕನ ಸಂಬಳದಲ್ಲಿ ಕಳೆ. ಮೂರೂವರೆ ಸಾವಿರ ಚಿಲ್ಲರೆಯಲ್ಲಿ ಬೆಂಗಳೂರಿನ ಪಿಜಿ, ಊಟ, ಬಸ್ಸು. ಬಣ್ಣದ ಟ್ಯೂಬಿಗೂ ಅದರಲ್ಲೇ.

ಚಿತ್ರಕಲೆ ಹೊಟ್ಟೆ ತುಂಬಿಸುವುದಿಲ್ಲ ಅಂತ ನಾನು ಯಾವತ್ತೂ ಬರೆದಿಲ್ಲ, ಈಗಲೂ ಬರೆಯುವುದಿಲ್ಲ. ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿಗೆ, ಸಿನಿಮಾ ಪೋಸ್ಟರಿಗೆ ಬರೆದೇ ದೊಡ್ಡ ಹೆಸರು ಮಾಡಿದರು. ಆದರೆ ಈ ಕೆಲಸದ ದುಡ್ಡು ಬಿಡಿಬಿಡಿಯಾಗಿ ಬರುತ್ತದೆ. ಶಾಲೆ ಗೋಡೆಗೆ ಬಣ್ಣ ಬಳಿದು ನಿನಗೆ ಆರು ಸಾವಿರ ಬಂತು ಅಂದೆ, ಮುಂದಿನ ಎರಡು ತಿಂಗಳು ಏನು ಬಂತು? ಕಂತು ಮಾತ್ರ ಐದನೇ ತಾರೀಕಿಗೆ ಬಂದೇ ಬರುತ್ತದೆ.

ಧಾರವಾಡದಲ್ಲಿ "ಸ್ಕೋಪ್ ಇಲ್ಲ" ಅಂತೆ. ಇದೂ ಮಾವನ ಮಾತೇ. ಅಲ್ಲಿ ಸರ್ಕಾರಿ ಚಿತ್ರಕಲಾ ಮಹಾವಿದ್ಯಾಲಯ ಇದೆ, ಫೀ ಸಾವಿರಗಳ ಲೆಕ್ಕ. ಕಲಾವಿದ ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ಅದು. ನಿಮ್ಮ ಗದಗದಲ್ಲೇ ಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆ ವಿಜಯ ಕಲಾಮಂದಿರ ಇದೆ, ಅದರ ಮುಂದೆ ಎಷ್ಟು ಸಲ ಹಾದು ಹೋಗಿದ್ದೀಯೋ. ಬೆಂಗಳೂರಿನ ಕಂಪ್ಯೂಟರ್ ಲ್ಯಾಬು, ಸ್ಟುಡಿಯೋದವರ ಪರಿಚಯ ಇಲ್ಲಿ ಅಷ್ಟು ಸುಲಭಕ್ಕೆ ಸಿಗದು, ಒಪ್ಪುತ್ತೇನೆ. ಅಪ್ಪನ ಚೀಟಿ ದುಡ್ಡಿನಲ್ಲಿ ಒಳ್ಳೆಯ ಕಂಪ್ಯೂಟರ್, ಡ್ರಾಯಿಂಗ್ ಟ್ಯಾಬ್ಲೆಟ್ ತಗೋ. ನಾಲ್ಕು ವರ್ಷ ಕೈ ಪಳಗಲಿ. ಆಮೇಲೆ ಮಾಸ್ಟರ್ಸ್‌ಗೆ ಶಾಂತಿನಿಕೇತನಕ್ಕೋ ಬರೋಡಾಕ್ಕೋ ಅರ್ಜಿ ಹಾಕು.

ಇದೆಲ್ಲ ನಿಧಾನಕ್ಕೆ ಯೋಚಿಸು. ಈ ವಾರಕ್ಕೆ ನಾನು ಹೇಳುವುದು ಒಂದೇ. ಮನೆ ಪತ್ರ ಟ್ರಂಕಿನಿಂದ ಹೊರಗೆ ಬರಕೂಡದು. ಆಗಲೇ ಮಾವನ ಕೈ ಸೇರಿದ್ದರೆ ಅಪ್ಪನನ್ನು ಕಳಿಸಿ ತರಿಸು. ಅಪ್ಪ ಹಿಂದೆಮುಂದೆ ನೋಡಿದರೆ ಆಯಿಗೆ ಹೇಳಿ ನೀನೇ ಹೋಗು. ಗದಗದಿಂದ ಬೆಂಗಳೂರಿಗೆ ರಾತ್ರಿ ಗೋಲಗುಂಬಜ್ ರೈಲಿದೆ.