ಪ್ಯಾನೆಲ್ ಗೋಡೆಯ ಸಂದಿಯಲ್ಲಿ ಮಳೆನೀರು

ಸರ್ಕಾರಿ ವಸತಿ ಯೋಜನೆಯ ಫ್ಲ್ಯಾಟಿನಲ್ಲಿ ಮಳೆ ಬಂದಾಗ ಮಾತ್ರ ಗೋಡೆಯ ಮೇಲೆ ನೆಟ್ಟಗೆ ಗೆರೆ ಎಳೆದಂತೆ ತೇವ ಮೂಡುತ್ತದೆ ಎಂದರೆ, ಬಹುತೇಕ ಎರಡು ಪ್ರಿಕಾಸ್ಟ್ ಪ್ಯಾನೆಲ್‌ಗಳ ನಡುವಿನ ಸೀಲಂಟ್, ಅಂದರೆ ಸಂದಿ ಮುಚ್ಚುವ ಅಂಟು, ಬಿಟ್ಟುಕೊಂಡಿದೆ. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸುವ ಮನೆ ಬೇಗ ಏಳುತ್ತದೆ, ಗೋಡೆಯೂ ಗಟ್ಟಿ, ಕೈಕೊಡುವುದು ಸಂದಿಯೇ.

ಒಣ ದಿನ ನೋಡಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿಸಿ. ಕೆಳಗಿನ ಸಂದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೊಂದಕ್ಕೂ ಹತ್ತು ನಿಮಿಷ. ಒಳಗೆ ತೇವ ಕಾಣಿಸಿದರೆ ಸಂದಿ ಸಿಕ್ಕಿತು. ಕಾಣಿಸದಿದ್ದರೆ ಕಿಟಕಿಯ ಚೌಕಟ್ಟೂ ಇರಬಹುದು. ನಮ್ಮಲ್ಲಿ ಸೋರಿದ್ದು ಎರಡನೆಯ ಮಹಡಿ, ಬಾಯಿ ಬಿಟ್ಟಿದ್ದು ನಾಲ್ಕನೆಯದರ ಸಂದಿ.

ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿ, ಸ್ವಾಧೀನ ಪಡೆದು 5 ವರ್ಷ ತುಂಬಿಲ್ಲದಿದ್ದರೆ ಕೈಯಿಂದ ಖರ್ಚು ಮಾಡಬೇಡಿ. 2016ರ ರೇರಾ ಕಾಯ್ದೆಯ 14(3)ನೇ ಕಲಂ ನಮೂದಿಸಿ, ಫೋಟೊ ಲಗತ್ತಿಸಿ ಯೋಜನೆ ಕಟ್ಟಿಸಿದವರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳೊಳಗೆ ಅವರೇ ಉಚಿತವಾಗಿ ಸರಿಪಡಿಸಬೇಕು.

ಅವಧಿ ಮುಗಿದಿದ್ದರೆ, ಮೇಲಿನಿಂದ ಕೆಳಗಿನವರೆಗೆ ಆ ಸಾಲಿನ ಸಂದಿಯನ್ನೆಲ್ಲ ನಿವಾಸಿಗಳ ಸಂಘದಿಂದಲೇ ಮಾಡಿಸಿ. ಹಳೆಯ ಸೀಲಂಟ್ ಕೆರೆದು, ಸಂದಿ ಒಣಗಿದ ಮೇಲೆ ಫೋಮ್ ಹಗ್ಗ ತುರುಕಿ, ಅದರ ಮೇಲೆ ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಸಿಮೆಂಟ್ ಮೆತ್ತಿದರೆ ಸಾಕು ಎನ್ನುವ ಮೇಸ್ತ್ರಿಯನ್ನು ಹತ್ತಿರ ಸೇರಿಸಬೇಡಿ. ಬಿಸಿಲಿಗೆ ಪ್ಯಾನೆಲ್ ಹಿಗ್ಗಿ ಕುಗ್ಗುವಾಗ ಅದು ಬಿರುಕು ಬಿಡುತ್ತದೆ. ಒಳಗಿನ ಬಣ್ಣ ಒಂದು ಮಳೆಗಾಲ ಕಳೆದ ಮೇಲೆ.