ಓದುಗರ ಪ್ರಶ್ನೆ, ಹಡಗಿನವನ ಉತ್ತರ: ಕೆರಿಬಿಯನ್‌ಗೆ ಹೊರಟವರಿಗೆ

ಪ್ರಶ್ನೆ: ನಮ್ಮದು ಅಡಿಕೆ ತೋಟ, ನಡುವೆ ಜಾಯಿಕಾಯಿ ಮರಗಳಿವೆ. ಗ್ರೆನಡಾ ದೇಶದ ಬಾವುಟದಲ್ಲೇ ಜಾಯಿಕಾಯಿ ಇದೆ ಎಂದು ಗೊತ್ತಾದಾಗಿನಿಂದ ಅಲ್ಲಿಗೆ ಒಮ್ಮೆ ಹೋಗಬೇಕೆಂಬ ಆಸೆ. ಏಜೆಂಟರು ಹತ್ತು ದಿನದಲ್ಲಿ ಐದು ದ್ವೀಪ ತೋರಿಸುತ್ತೇವೆ ಅನ್ನುತ್ತಾರೆ. ಕೊಳೆ ಔಷಧ ಹೊಡೆದು ಮುಗಿದ ಮೇಲೆ, ಕೊನೆಕೊಯ್ಲು ಶುರುವಾಗುವ ಮೊದಲು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನಮಗೆ ಬಿಡುವು. ಇಬ್ಬರೂ ಸಸ್ಯಾಹಾರಿಗಳು. ಏನು ಮಾಡೋಣ?
— ಶಿರಸಿ ತಾಲೂಕಿನ ದಂಪತಿ

ಉತ್ತರ: ಮೊದಲು ಆ ಐದು ದ್ವೀಪದ ಚೀಟಿಯನ್ನು ಏಜೆಂಟರಿಗೆ ವಾಪಸ್ ಕೊಡಿ. ಅಲ್ಲಿ ಹೆಚ್ಚುಕಡಿಮೆ ದ್ವೀಪಕ್ಕೊಂದು ದೇಶ. ಪ್ರತಿ ಸಲ ಪುಟ್ಟ ವಿಮಾನ, ಇಮಿಗ್ರೇಶನ್ ಸಾಲು, ಬ್ಯಾಗು ಬಿಚ್ಚು, ಬ್ಯಾಗು ಕಟ್ಟು. ಹತ್ತು ದಿನದಲ್ಲಿ ಅರ್ಧ ವಿಮಾನ ನಿಲ್ದಾಣದ ಕುರ್ಚಿಯ ಮೇಲೇ ಕಳೆಯುತ್ತದೆ. ನಿಮಗೆ ಬೇಕಾದದ್ದು ಗ್ರೆನಡಾ. ಅಲ್ಲಿಗೇ ಹೋಗಿ, ಅಲ್ಲೇ ಇರಿ. ದ್ವೀಪದ ಉದ್ದ ಸುಮಾರು 34 ಕಿ.ಮೀ., ಶಿರಸಿಯಿಂದ ಕುಮಟಾಕ್ಕೆ ಇಳಿಯುವಷ್ಟೂ ಇಲ್ಲ. ಆದರೆ ನಡುವೆಲ್ಲ ಗುಡ್ಡ, ಕಾಡು, ತಿರುವು. ದೇವಿಮನೆ ಘಟ್ಟದಲ್ಲಿ ತಲೆ ಸುತ್ತುವವರು ಮಾತ್ರೆ ಇಟ್ಟುಕೊಳ್ಳಿ.

ಇನ್ನು ತಿಂಗಳು. ನಿಮ್ಮ ಬಿಡುವು, ಅಲ್ಲಿಯ ಚಂಡಮಾರುತ, ಎರಡೂ ಒಂದೇ ಹೊತ್ತಿಗೆ ಬರುತ್ತವೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಆಗಸ್ಟ್‌ನಿಂದ ಅಕ್ಟೋಬರ್ ಅದರ ಜೋರು. ಗ್ರೆನಡಾ ದಕ್ಷಿಣಕ್ಕಿರುವುದರಿಂದ ಹೊಡೆತ ಅಪರೂಪ, ಬಿದ್ದರೆ ಮಾತ್ರ ಕೇಳಬೇಡಿ. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಬಂದು ಅಲ್ಲಿಯ ಜಾಯಿಕಾಯಿ ಮರಗಳಲ್ಲಿ ಬಹುಪಾಲನ್ನು ಮಲಗಿಸಿತು. ಅಲ್ಲಿಯವರೆಗೆ ಇಂಡೋನೇಷ್ಯಾ ಬಿಟ್ಟರೆ ಜಾಯಿಕಾಯಿಯಲ್ಲಿ ಜಗತ್ತಿಗೇ ಎರಡನೆಯವರು ಅವರು. ಬಿದ್ದ ಮರದ ಜಾಗದಲ್ಲಿ ಸಸಿ ನೆಟ್ಟು ಫಲ ಕಾಣಲು ಎಷ್ಟು ವರ್ಷ ಕಾಯಬೇಕು ಅಂತ ನಿಮಗೆ ನಾನು ಹೇಳಬೇಕಾ? ಹಾಗಾಗಿ ಕೊನೆಕೊಯ್ಲು ಮುಗಿಸಿ, ಅಡಿಕೆ ಒಣಗಿಸಿ ಚೀಲಕ್ಕೆ ತುಂಬಿ, ಮಾರ್ಚ್‌ನಲ್ಲಿ ಹೊರಡಿ. ಅಲ್ಲಿ ಆಗ ಒಣ ಹವೆ. ರೂಮಿನ ಬಾಡಿಗೆ ಜಾಸ್ತಿ, ನಿಜ. ಆದರೂ ಅದೇ ಸರಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಗ್ರೆನಡಾಕ್ಕೆ ವೀಸಾ ಬೇಡ. ಇಷ್ಟು ಕೇಳಿದ ಕೂಡಲೇ ಟಿಕೆಟ್ ಮಾಡಿಸುವವರೇ ಹೆಚ್ಚು. ಸಿಕ್ಕಿ ಬೀಳುವುದು ದಾರಿಯಲ್ಲಿ. ಇಲ್ಲಿಂದ ನೇರ ವಿಮಾನ ಇಲ್ಲ. ಲಂಡನ್, ನ್ಯೂಯಾರ್ಕ್, ಮಯಾಮಿ, ಟೊರೊಂಟೊ, ಇಂಥ ಕಡೆ ಬದಲಿಸಬೇಕು. ಅಮೆರಿಕದಲ್ಲಿ ಒಂದೇ ಗಂಟೆ ನಿಂತರೂ ಇಮಿಗ್ರೇಶನ್ ದಾಟಲೇಬೇಕು, ಅದಕ್ಕೆ ವೀಸಾ ಬೇಕೇ ಬೇಕು. ಲಂಡನ್ನಿಗೂ ಟ್ರಾನ್ಸಿಟ್ ವೀಸಾ, ಅಂದರೆ ದಾರಿಯಲ್ಲಿ ವಿಮಾನ ಬದಲಿಸುವವರ ವೀಸಾ, ಇದೆ, ಕೆಲವು ವಿನಾಯಿತಿಗಳೂ ಇವೆ. ಆದ್ದರಿಂದ ಮೊದಲು ದಾರಿ ಗೊತ್ತು ಮಾಡಿ, ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ನಿಯಮ ಓದಿ, ಆಮೇಲೆ ದುಡ್ಡು ಕಟ್ಟಿ. ಗೋವಾದಿಂದ ಗ್ರೆನಡಾದವರೆಗೆ ಒಂದೇ ಟಿಕೆಟ್ ಮಾಡಿಸಿ. ತುಂಡು ತುಂಡು ಮಾಡಿದರೆ ನಡುವೆ ಬ್ಯಾಗು ಎತ್ತಿಕೊಳ್ಳಲು ಹೊರಗೆ ಬರಬೇಕಾಗುತ್ತದೆ, ಆಗ ನಿಲ್ದಾಣದ ಒಳಗೇ ವಿಮಾನ ಬದಲಿಸುವವರಿಗೆ ಕೊಡುವ ಟ್ರಾನ್ಸಿಟ್ ವೀಸಾ ಸಾಲುವುದಿಲ್ಲ.

ಅಲ್ಲಿ ಹೋದ ಮೇಲೆ ಗುಯಾವ್ ಎಂಬ ಊರಿನ ಜಾಯಿಕಾಯಿ ಸಂಸ್ಕರಣಾ ಕೇಂದ್ರ ಬಿಡಬೇಡಿ. ಹಳೇ ಕಟ್ಟಡ, ಮರದ ತಟ್ಟೆಗಳ ಸಾಲು. ಕಾಯಿಯನ್ನು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಒಳ್ಳೆಯದು, ತೇಲಿದ್ದು ಕೆಳದರ್ಜೆ. ಹೆಂಗಸರು ಕೂತು ಕೈಯಲ್ಲೇ ಆರಿಸುತ್ತಾರೆ. ನಮ್ಮಲ್ಲಿ ಅಡಿಕೆ ಆರಿಸುವವರ ಕೈ ನೋಡಿದವರಿಗೆ ಆ ವೇಗ ಗುರುತು ಸಿಗುತ್ತದೆ. ಸಿಪ್ಪೆಯಿಂದ ಜ್ಯಾಮ್, ಸಿರಪ್ ಮಾಡಿ ಮಾರುತ್ತಾರೆ. ಜ್ಯಾಮ್ ತನ್ನಿ. ಬೀಜ, ಸಸಿ ಮಾತ್ರ ಬೇಡ. ಪರವಾನಗಿ, ಸಸ್ಯ ಆರೋಗ್ಯ ಪತ್ರ ಇಲ್ಲದೆ ಇಲ್ಲಿ ಇಳಿಸಿದರೆ ಕಸ್ಟಮ್ಸ್‌ನವರು ಹಿಡಿಯುತ್ತಾರೆ, ಹಿಡಿಯಲೂ ಬೇಕು. ಹೊಸ ರೋಗವೊಂದು ಬ್ಯಾಗಿನಲ್ಲಿ ಬಂದರೆ ನಿಮ್ಮ ತೋಟಕ್ಕೇ ಕೇಡಲ್ವಾ?

ಊಟದ ಚಿಂತೆ ಬೇಡ. 1857ರಿಂದಲೇ ನಮ್ಮ ದೇಶದ ಕೂಲಿಗಳನ್ನು ಅಲ್ಲಿಗೆ ಒಯ್ದಿದ್ದರು. ಅವರ ರೋಟಿ ಇವತ್ತಿಗೂ ಬೀದಿಯಲ್ಲಿ ಸಿಗುತ್ತದೆ. ಬಟಾಟೆ, ಕಡಲೆ ಹಾಕಿದ್ದು ಕೇಳಿ. ಅವರ ರಾಷ್ಟ್ರೀಯ ಅಡುಗೆ ಆಯಿಲ್ ಡೌನ್. ಅದರಲ್ಲಿ ಇರುವುದೇನು? ಜೀಗುಜ್ಜೆ, ಕೆಸುವಿನ ಸೊಪ್ಪು, ತೆಂಗಿನ ಹಾಲು, ಅರಿಶಿನ. ಜೊತೆಗೆ ಉಪ್ಪು ಹಾಕಿದ ಮಾಂಸ, ಅದೇ ತೊಡಕು. ಅಡುಗೆಮನೆ ಇರುವ ರೂಮು ಹಿಡಿದರೆ ಮಾಂಸ ಬಿಟ್ಟು ನೀವೇ ಮಾಡಿಕೊಳ್ಳಬಹುದು. ಹೋಟೆಲಿನಲ್ಲಿ ಅನ್ನಕ್ಕೆ ಕಾಳು ಹಾಕಿದ್ದು ಕಂಡರೂ ಒಮ್ಮೆ ಕೇಳಿ ನೋಡಿ. ಬೇಯಿಸುವಾಗ ಹಂದಿಬಾಲ ಹಾಕುವ ರೂಢಿ ಕೆಲವು ಕಡೆ ಇದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಭಾರತ ವಿಶ್ವಕಪ್ ಗೆದ್ದ ಬಾರ್ಬಡೋಸ್ ಮೈದಾನ ನೋಡಬೇಕು. ಖರ್ಚು ಕಡಿಮೆ ಮಾಡುವುದು ಹೇಗೆ?
— ಕಾರವಾರದಿಂದ

ಉತ್ತರ: ತಮ್ಮಾ, ಕೆನ್ಸಿಂಗ್ಟನ್ ಓವಲ್ ಬ್ರಿಜ್‌ಟೌನ್ ಊರಿನಲ್ಲೇ ಇದೆ, ಬಂದರಿನಿಂದ ನಡೆದು ಹೋಗಬಹುದು. ನಾನು ಹಡಗಿನಲ್ಲಿದ್ದಾಗ ಅಲ್ಲಿ ಸಕ್ಕರೆ ತುಂಬುತ್ತಿದ್ದರು. ಡೆಕ್ ತುಂಬ ಕಾಕಂಬಿಯ ವಾಸನೆ, ಬೂಟು ನೆಲಕ್ಕೆ ಅಂಟುತ್ತಿತ್ತು. ಸಂಜೆ ಡ್ಯೂಟಿ ಮುಗಿಸಿ ಗೇಟಿನವರೆಗೆ ಹೋಗಿ ನಿಂತು ಬರುತ್ತಿದ್ದೆವು.

2024ರ ಜೂನ್ 29ರಂದು ನಮ್ಮವರು ದಕ್ಷಿಣ ಆಫ್ರಿಕಾವನ್ನು 7 ರನ್‌ನಿಂದ ಸೋಲಿಸಿದ್ದು ನೆನಪಿದೆಯಲ್ಲ? ಆಮೇಲೆ ಏನಾಯಿತು ಅದೂ ನೆನಪಿಟ್ಟುಕೋ. ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿ, ಕಪ್ ಗೆದ್ದವರೇ ಹೋಟೆಲಿನಲ್ಲಿ ಕೂತರು. ಅವರಿಗೆ ವಿಶೇಷ ವಿಮಾನ ಬಂತು, ನಿಮಗೆ ಬರುವುದಿಲ್ಲ. ಜೂನ್‌ನಿಂದ ನವೆಂಬರ್ ನಡುವೆ ಹೋಗುವುದಾದರೆ ಚಂಡಮಾರುತಕ್ಕೂ ಅನ್ವಯಿಸುವ ವಿಮೆ ಮಾಡಿಸಿ.

ಬಾರ್ಬಡೋಸ್‌ಗೂ ವೀಸಾ ಬೇಡ, ದಾರಿಯ ವೀಸಾ ವಿಷಯ ಮೇಲೆ ಹೇಳಿದ್ದೇ. ಅಲ್ಲಿಯ 2 ಡಾಲರ್ ಅಂದರೆ ಅಮೆರಿಕದ 1 ಡಾಲರ್. 1975ರಿಂದ ಈ ಲೆಕ್ಕ ಬದಲಾಗಿಲ್ಲ. ಅಮೆರಿಕದ ನೋಟು ಅಂಗಡಿಯಲ್ಲೇ ನಡೆಯುತ್ತದೆ, ಚಿಲ್ಲರೆ ಅವರ ದುಡ್ಡಿನಲ್ಲಿ ಬರುತ್ತದೆ. ಟ್ಯಾಕ್ಸಿ ಬಿಡಿ. ಝಡ್ಆರ್ ಎಂಬ ಬಿಳಿ ವ್ಯಾನುಗಳಿವೆ, ನಮ್ಮ ಟೆಂಪೋಗಳ ಅಣ್ಣ. ಸೀಟಿಗಿಂತ ಜನ ಜಾಸ್ತಿ, ಜನಕ್ಕಿಂತ ಹಾಡು ಜಾಸ್ತಿ. ಶುಕ್ರವಾರ ರಾತ್ರಿ ಆಯ್ಸ್‌ಟಿನ್ಸ್‌ಗೆ ಹೋಗಿ, ಮೀನು ಕೆಂಡದ ಮೇಲೆ ಸುಡುತ್ತಾರೆ. ಹಾರುಮೀನು ತಿನ್ನಿ. ಕಾರವಾರದವರ ನಾಲಿಗೆಗೆ ಖಾರ ಸಾಲದೆ ಹೋದರೆ ಮೇಜಿನ ಮೇಲಿನ ಹಳದಿ ಸಾಸ್ ಇದೆ, ಹುಷಾರು.

ಇನ್ನೊಂದು. ಮಿಲಿಟರಿ ಬಣ್ಣದ ಚಡ್ಡಿ, ಟೋಪಿ, ಬ್ಯಾಗು ಏನೂ ಬೇಡ. ಸೈನಿಕರು ಬಿಟ್ಟು ಬೇರೆಯವರು ಅದನ್ನು ಹಾಕುವುದು ಅಲ್ಲಿ ಅಪರಾಧ, ಮಕ್ಕಳಿಗೂ ಅದೇ ಕಾನೂನು.

ಪ್ರಶ್ನೆ: ಬಾರ್ಬಡೋಸ್‌ನ ಸಮುದ್ರ ಫೋಟೊದಲ್ಲಿ ಕಾಣುವಷ್ಟು ನೀಲಿಯಾ? ಅಮ್ಮನಿಗೆ ಈಜು ಬಾರದು.
— ಹೊನ್ನಾವರದಿಂದ

ಉತ್ತರ: ನೀಲಿಯೇ, ತಂಗೀ. ಶರಾವತಿಯಂಥ ನದಿ ಬಾರ್ಬಡೋಸ್‌ನಲ್ಲಿ ಇಲ್ಲ, ಮಣ್ಣು ಕದಡುವುದಿಲ್ಲ. ನೆಲವೇ ಬಹುಪಾಲು ಹವಳದ ಸುಣ್ಣಕಲ್ಲು. ಅಮ್ಮನನ್ನು ಪಶ್ಚಿಮ ದಡಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ನೀರು ಶಾಂತ. ಪೂರ್ವದ ಬಾತ್‌ಶೀಬಾ ನೋಡಲು ಚೆಂದ, ಇಳಿಯಲು ಬೇಡ. ಅಟ್ಲಾಂಟಿಕ್ ಅಲೆ ಎಳೆಯುತ್ತದೆ. ಬೇಸಿಗೆಯಲ್ಲಿ ಆ ಕಡೆ ಕಂದು ಪಾಚಿ ರಾಶಿ ಬಿದ್ದು ನಾರುವುದೂ ಉಂಟು.

ದಡದಲ್ಲಿ ನೆರಳಿಗೆ ಕೂರುವ ಮುನ್ನ ಮರ ನೋಡಿ. ಮ್ಯಾಂಚಿನೀಲ್ ಎಂಬ ಮರದ ಕಾಯಿ ಪುಟ್ಟ ಹಸಿರು ಸೇಬಿನಂತಿರುತ್ತದೆ, ಸಿಹಿ ವಾಸನೆ ಬೇರೆ. ತಿಂದರೆ ಬಾಯಿ, ಗಂಟಲು ಸುಟ್ಟು ಊದುತ್ತದೆ. ಮಳೆ ಬಂತು ಅಂತ ಕೆಳಗೆ ನಿಂತರೆ ಎಲೆಯಿಂದ ಇಳಿಯುವ ನೀರಿಗೂ ಚರ್ಮ ಬೊಬ್ಬೆ ಏಳುತ್ತದೆ. ಹಲವು ಮರಗಳ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಪಟ್ಟಿ ಇಲ್ಲದ್ದೂ ಇರುತ್ತವೆ, ಹಾಗಾಗಿ ಊರವರು ಕೂತಲ್ಲಿ ನೀವೂ ಕೂರಿ.

ಪ್ರಶ್ನೆ: ಟ್ರಿನಿಡಾಡ್ ಕಾರ್ನಿವಲ್‌ಗೆ ಹೋಗುವವರಿಗೆ ಇಂಜೆಕ್ಷನ್ ಬೇಕಾ? ಕೆಟಲ್, ಮಿಕ್ಸರ್ ಒಯ್ಯಬಹುದಾ?
— ಕುಮಟಾದಿಂದ

ಉತ್ತರ: ಬೇಕು. ಟ್ರಿನಿಡಾಡ್ ಹಳದಿ ಜ್ವರದ ಪಟ್ಟಿಯಲ್ಲಿದೆ. ಸರ್ಟಿಫಿಕೇಟ್ ಇಲ್ಲದೆ ನೇರ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದವರೇ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ, ಹೊರಡಲು 10 ದಿನ ಇರುವಾಗಲೇ. 60 ದಾಟಿದವರು ಮೊದಲು ಡಾಕ್ಟರನ್ನು ಕೇಳಿ.

ಕೆಟಲ್, ಮಿಕ್ಸರ್ ಮನೆಯಲ್ಲೇ ಇರಲಿ. ಅಲ್ಲಿ ಕರೆಂಟ್ 115 ವೋಲ್ಟ್, ನಮ್ಮದರ ಅರ್ಧ. ಮಿಕ್ಸರ್ ಸುಮ್ನೆ ಗುಂಯ್ ಅನ್ನುತ್ತದೆ, ಕಾಯಿ ಅರೆಯುವುದಿಲ್ಲ. ಫೋನ್ ಚಾರ್ಜರ್ ನಡೆಯುತ್ತದೆ, ಚಪ್ಪಟೆ ಪಿನ್ನಿನ ಅಡಾಪ್ಟರ್ ಒಯ್ಯಿರಿ. ಚಟ್ನಿಪುಡಿ ಇಲ್ಲಿಂದಲೇ ಕಟ್ಟಿಕೊಳ್ಳಿ.